ಗುರು–ಲಘು: ಕನ್ನಡ ಮೇಷ್ಟ್ರು ಕಲಿಸುತ್ತಿದ್ದ ಹಾಗೆ ಪ್ರಸ್ತಾರ ಹೇಳಿಕೊಡುವುದು ಹೇಗೆ?

ಪ್ರಶ್ನೆ

ಹೈಸ್ಕೂಲಿನ ಕನ್ನಡ ಮೇಷ್ಟ್ರು ಬಾಯಿಪಾಠ ಮಾಡಿಸಿದ ‘ಗುರು ಲಘು ಮೂರಿರೆ ಮನ ಗಣ’ ನಮ್ಮಲ್ಲಿ ಎಷ್ಟೋ ಜನಕ್ಕೆ ಇವತ್ತಿಗೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುತ್ತದೆ. ಅದನ್ನೇ 9ನೇ ತರಗತಿಯ ಮಗಳಿಗೆ ಹೇಳಿಕೊಡಲು ಕೂತರೆ ತೊಡಕು. ಭಾಮಿನಿ ಷಟ್ಪದಿಯ (ಆರು ಸಾಲಿನ ಪದ್ಯ) ಒಂದು ಸಾಲು 14 ಮಾತ್ರೆಗೆ (ಲಘುವಿಗೆ 1, ಗುರುವಿಗೆ 2) ಸರಿಹೋಗುತ್ತದೆ, ಇನ್ನೊಂದು 15 ಆಗುತ್ತದೆ. ಒತ್ತಕ್ಷರ ಬಂದಲ್ಲೆಲ್ಲ ಅವಳು ಗುರು ಹಾಕುತ್ತಾಳೆ. ಎಲ್ಲಿ ತಪ್ಪುತ್ತಿದೆ? ಆ ಮೇಷ್ಟ್ರುಗಳು ಯಾವ ಕ್ರಮದಲ್ಲಿ ಕಲಿಸುತ್ತಿದ್ದರು?

ಉತ್ತರ 1

ಒತ್ತಕ್ಷರ ತಾನೇ ಗುರುವಲ್ಲ, ಅದರ ಹಿಂದಿನ ಅಕ್ಷರ ಗುರು. ತಪ್ಪಿರುವುದು ಇಲ್ಲೇ. ಅಭ್ಯಾಸಕ್ಕೆಂದೇ ಕಟ್ಟಿದ ಮೂರು ಸಾಲು ಕೊಡುತ್ತೇನೆ:

ಹಳೆಯ ಮೇಷ್ಟರು ಹೇಳಿಕೊಟ್ಟರು
ಗಳಿಗೆಯೊಳಗೇ ಗಣದ ಗುಟ್ಟನು
ಬಳಪ ಹಿಡಿಯುತ ಬೆರಳ ಮಡಿಸುತಲೆಣಿಸಿ ಮಾತ್ರೆಯನು

ಮೊದಲ ಸಾಲಿನ ಪ್ರಸ್ತಾರ (ಗುರು–ಲಘು ಗುರುತು ಹಾಕಿ ಗಣ, ಅಂದರೆ ಅಕ್ಷರಗುಂಪು, ಬಿಡಿಸುವುದು; ∪ ಲಘು, — ಗುರು):
ಹಳೆಯ | ಮೇಷ್ಟರು | ಹೇಳಿ | ಕೊಟ್ಟರು
∪∪∪ | —∪∪ | —∪ | —∪∪

3, 4, 3, 4, ಒಟ್ಟು 14. ಈಗ ಮಗಳ ಲೆಕ್ಕದಲ್ಲಿ ನೋಡಿ. ‘ಕೊಟ್ಟರು’ವಿನಲ್ಲಿ ‘ಕೊ’ಗೆ ಲಘು, ‘ಟ್ಟ’ಗೆ ಗುರು ಹಾಕಿದರೂ ಮೊತ್ತ 4 ಬಂದುಬಿಡುತ್ತದೆ. ತಪ್ಪು ಅಲ್ಲಿ ಅಡಗಿ ಕೂರುತ್ತದೆ. ‘ಮೇಷ್ಟರು’ವಿನಲ್ಲಿ ‘ಮೇ’ ಮೊದಲೇ ದೀರ್ಘ. ‘ಷ್ಟ’ಕ್ಕೂ ಗುರು ಕೊಟ್ಟರೆ 5 ಆಗಿ ಸಾಲು 15ಕ್ಕೆ ಹೋಗುತ್ತದೆ. ಆದ್ದರಿಂದ ಮೊತ್ತ ಸರಿಬಂತೆಂದು ಬಿಡಬೇಡಿ, ಒಂದೊಂದು ಗುರುವಿಗೂ ಕಾರಣ ಕೇಳಿ: ದೀರ್ಘವೇ, ಐ–ಔ ಸ್ವರವೇ, ಸೊನ್ನೆ ಅಥವಾ ವಿಸರ್ಗ ಇದೆಯೇ, ಮುಂದೆ ಒತ್ತು ಇದೆಯೇ, ವ್ಯಂಜನ ಅರ್ಧಕ್ಕೆ ನಿಂತಿದೆಯೇ?

ವಟ್ರಸುಳಿಯಲ್ಲೂ (ೃ) ಮಕ್ಕಳು ಎಡವುತ್ತಾರೆ. ಅದು ಒತ್ತಿನ ಹಾಗೆ ಕಂಡರೂ ಸ್ವರ. ‘ಸುಕೃತ’ ಮೂರೂ ಲಘು. ಅರ್ಕಾವತ್ತನ್ನು (‘ರ್’ ಗುರುತು) ಅಕ್ಷರದ ಮುಂದೆ ಬರೆಯುವುದರಿಂದ ‘ಧರ್ಮ’ದಲ್ಲೂ ಗೊಂದಲ. ಅಲ್ಲಿ ‘ಧ’ ಗುರು, ‘ರ್ಮ’ ಲಘು.

ಉತ್ತರ 2

ಕ್ರಮದ ಬಗ್ಗೆ ಹೇಳುವುದಾದರೆ, ಒಳ್ಳೆಯ ಕನ್ನಡ ಮೇಷ್ಟ್ರು ಮೊದಲ ದಿನವೇ ಬೋರ್ಡಿನ ಮೇಲೆ ಗೆರೆ ಎಳೆಯುತ್ತಿರಲಿಲ್ಲ. ಪದ್ಯವನ್ನು ರಾಗವಾಗಿ ಓದಿ, ಮಕ್ಕಳಿಂದ ಓದಿಸಿ, ಆಮೇಲೆ ಸೀಮೆಸುಣ್ಣ. ಈ ಕ್ರಮವೇ ಸರಿಯೆಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಭಾಮಿನಿಯ ನಡೆ 3+4, ಅಂದರೆ ‘ತಕಿಟ ತಕಧಿಮಿ’. ತಕಿಟದ ಮೊದಲಿಗೊಂದು, ತಕಧಿಮಿಯ ಮೊದಲಿಗೊಂದು ಚಪ್ಪಾಳೆ ಹಾಕಿಸಿ. ನಾಲ್ಕು ಸಲ ಹೇಳುವಷ್ಟರಲ್ಲಿ ಗಣ ಎಲ್ಲಿ ಮುರಿಯುತ್ತದೆಂದು ಕಿವಿಗೇ ಗೊತ್ತಾಗುತ್ತದೆ. ಐದೈದು ಮಾತ್ರೆಯ ವಾರ್ಧಕ ಷಟ್ಪದಿಗೆ ‘ತಕತಕಿಟ’. ಭಾಮಿನಿಯ ಕುಮಾರವ್ಯಾಸನನ್ನೂ ವಾರ್ಧಕದ ಲಕ್ಷ್ಮೀಶನನ್ನೂ ಒಂದರ ಹಿಂದೊಂದು ಓದಿಸಿದರೆ ಎರಡು ನಡೆಯ ವ್ಯತ್ಯಾಸಕ್ಕೆ ವಿವರಣೆಯೇ ಬೇಡ.

ಗಣ ಪದಕ್ಕೆ ಸರಿಯಾಗಿ ಮುರಿಯಬೇಕಿಲ್ಲ ಎಂಬುದನ್ನೂ ಆಗಲೇ ಹೇಳಿ. ಮೇಲಿನ ಎರಡನೇ ಸಾಲು ‘ಗಳಿಗೆ | ಯೊಳಗೇ’ ಎಂದೇ ಒಡೆಯಬೇಕು.

ಉತ್ತರ 3

3 ಮತ್ತು 6ನೇ ಸಾಲಿಗೆ ಒಂದು ಮಾತು. ಅಲ್ಲಿ 3–4 ಮೂರು ಸಲ ಬಂದು ಕೊನೆಗೊಂದು ಗುರು, ಒಟ್ಟು 23. ಮೇಲಿನ ಉದಾಹರಣೆಯಲ್ಲಿ ಕೊನೆಯ ‘ನು’ ಹ್ರಸ್ವ, ಆದರೂ ಗುರುವೆಂದೇ ಲೆಕ್ಕ. ಇದನ್ನು ಮರೆತ ಮಕ್ಕಳು 22 ಬಂತೆಂದು ಮಧ್ಯದಲ್ಲೆಲ್ಲೋ ಒಂದು ಮಾತ್ರೆ ತುರುಕುತ್ತಾರೆ. ಇಡೀ ಪದ್ಯಕ್ಕೆ 102 ಮಾತ್ರೆ.

ನೀವು ನೆನಪಿಸಿದ ಸೂತ್ರವೇ ಒಂದು ಕಂದಪದ್ಯ! ‘ಗುರುಲಘು | ಮೂರಿರೆ | ಮನಗಣ’ ನಾಲ್ಕು ನಾಲ್ಕು ಮಾತ್ರೆಯ ಮೂರು ಗಣ, 12. ಎರಡನೇ ಸಾಲು ‘ಗುರುಲಘು | ಮೊದಲ | ಲ್ಲಿಬರಲು | ಭಯಗಣ | ಮೆಂಬರ್’, ಐದು ಗಣ, 20. ಮಗಳಿಗೆ ಬಾಯಿಪಾಠವಾದ ಮೇಲೆ ಅದಕ್ಕೇ ಪ್ರಸ್ತಾರ ಹಾಕಿಸಿ. ಎರಡನೇ ಸಾಲಿನ ನಡುವಿನ ಗಣ ‘ಲ್ಲಿಬರಲು’ ನಾಲ್ಕೂ ಲಘು; ಮೊದಲಿನಿಂದ ಎಣಿಸಿದರೆ ಅದು ಆರನೆಯದು. ಕಂದದ ಆರನೇ ಗಣ ಜಗಣ (∪—∪) ಆಗಿರಬೇಕು, ಇಲ್ಲವೇ ಸರ್ವಲಘು ಎಂಬ ನಿಯಮ ಅಲ್ಲೇ ಕೈಗೆ ಸಿಗುತ್ತದೆ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. ವೃತ್ತಗಳಿಗೂ ಹೀಗೇ ಮಾತ್ರೆ ಎಣಿಸಬೇಕೇ?

ಉತ್ತರ 3

ಇಲ್ಲ, ಅಲ್ಲಿ ಮಾತ್ರೆ ಬಿಟ್ಟು ಮೂರು ಮೂರು ಅಕ್ಷರಕ್ಕೆ ಗೆರೆ. ‘ಯಮಾತಾರಾಜಭಾನಸಲಗಂ’ ಬರೆದುಕೊಂಡು ಬೇಕಾದ ಗಣದ ಅಕ್ಷರದಿಂದ ಮೂರು ಎಣಿಸಿದರೆ ಆಯಿತು: ‘ರಾಜಭಾ’ —∪— ರಗಣ, ‘ಸಲಗಂ’ ∪∪— ಸಗಣ. ಗೆರೆ ಹಾಕುವ ಮುಂಚೆ, ಯಾವ ವೃತ್ತವೆಂದು ತಿಳಿಯಲು ಸಾಲಿನ ತಲೆ ನೋಡಲಿ. ಒಂದೇ ಗುರು ಬಂದು ಲಘುವಾದರೆ ಉತ್ಪಲಮಾಲೆ, ಮೂರು ಗುರುವಾದರೆ ಶಾರ್ದೂಲವಿಕ್ರೀಡಿತ, ನಾಲ್ಕಾದರೆ ಸ್ರಗ್ಧರೆ, ನಾಲ್ಕು ಲಘುವಾದರೆ ಚಂಪಕಮಾಲೆ. ಎರಡು ಲಘುವಾದ ಮೇಲೆ ಎರಡು ಗುರು ಬಂದರೆ ಮತ್ತೇಭವಿಕ್ರೀಡಿತ, ಮೂರು ಬಂದರೆ ಮಹಾಸ್ರಗ್ಧರೆ. ಆಮೇಲೆ ಅಕ್ಷರ ಎಣಿಸಿ ತಾಳೆ ನೋಡಲಿ: ಉತ್ಪಲಕ್ಕೆ 20, ಚಂಪಕಕ್ಕೆ 21. ಒಂದು ಹೆಚ್ಚು ಬಂದರೆ ‘ಎಂಬರ್’ ಥರದ ಪದದ ಕೊನೆಯ ‘ರ್’ ಅನ್ನು ಬೇರೆ ಅಕ್ಷರವೆಂದು ಎಣಿಸಿದ್ದಾಳೆಯೇ ನೋಡಿ. ಅದು ‘ಬ’ಕ್ಕೆ ಸೇರಿ ಅದನ್ನು ಗುರು ಮಾಡುತ್ತದೆ, ಅಷ್ಟೇ.