ಸಹಾಯ ಬೇಕು: ಸೌರ ಘಟಕದ ಗುತ್ತಿಗೆ ಕರಾರು ಓದಿ ಹೇಳುವವರು

ಪುಣೆಯ ಕನ್ನಡ ಬಂಧುಗಳಿಗೆ ನಮಸ್ಕಾರ. ನಾನಿರುವುದು ಪಿಂಪರಿಯಲ್ಲಿ, ಊರು ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕು. ಅಲ್ಲಿ ನಮ್ಮದೂ ದೊಡ್ಡಪ್ಪನದೂ ಸೇರಿದ ಒಂಬತ್ತು ಎಕರೆಯನ್ನು ಸೌರ ವಿದ್ಯುತ್ ಘಟಕಕ್ಕೆ ಗುತ್ತಿಗೆ ಕೇಳುತ್ತಿದ್ದಾರೆ. ಕರಾರು ಮರಾಠಿಯಲ್ಲಿ ಹದಿನೆಂಟು ಪುಟ. ಮಾತಿನ ಮರಾಠಿ ನನಗೆ ಬರುತ್ತದೆ, ಕಾಗದದ ಮರಾಠಿ ಬರುವುದಿಲ್ಲ.

ಮಹಾರಾಷ್ಟ್ರ ಸರ್ಕಾರದ ಮುಖ್ಯಮಂತ್ರಿ ಸೌರ ಕೃಷಿ ವಾಹಿನಿ ಯೋಜನೆ 2.0ರಲ್ಲಿ ಗುತ್ತಿಗೆ ಹಣ ಹೆಕ್ಟೇರಿಗೆ ವರ್ಷಕ್ಕೆ 1.25 ಲಕ್ಷ ರೂಪಾಯಿ, ಮೇಲೆ ಪ್ರತಿವರ್ಷ ಶೇ 3ರ ಏರಿಕೆ ಇದೆ. ನಮಗೆ ಕೊಟ್ಟ ಕಾಗದದಲ್ಲಿ ಏರಿಕೆಯ ಸಾಲೇ ಕಾಣುತ್ತಿಲ್ಲ. ಘಟಕ ಮುಚ್ಚಿದರೆ ಕಂಬ, ಕಾಂಕ್ರೀಟ್ ಕಿತ್ತು ಹೊಲವನ್ನು ಹೊಲವಾಗಿಸುವ ಖರ್ಚು ಯಾರದು? ಸಾತ್‌ಬಾರಾ ಉತಾರೆಯಲ್ಲಿ (ಪಹಣಿಯಂಥ ಜಮೀನು ದಾಖಲೆ) ಗುತ್ತಿಗೆ ದಾಖಲಾದ ಮೇಲೆ ಬೆಳೆಸಾಲ ಸಿಗುತ್ತದೆಯೇ?

ಕಲ್ಲುಹೊಲ, ಜೋಳವೂ ನೆಟ್ಟಗೆ ಬರುವುದಿಲ್ಲ, ಕೊಟ್ಟುಬಿಡೋಣ ಎನ್ನುತ್ತಾರೆ ದೊಡ್ಡಪ್ಪ. ಅವ್ವನಿಗೆ ಬದುವಿನ ಬನ್ನಿ ಮರದ್ದೇ ಚಿಂತೆ. ನೆರಳು ಬೀಳುತ್ತದೆಂದು ಕಡಿದೇ ಕಡಿಯುತ್ತಾರೆ ಎಂದು ನನಗೂ ಅನ್ನಿಸುತ್ತಿದೆ. ಮಧ್ಯವರ್ತಿ ಮಾತ್ರ ಎಲ್ಲದಕ್ಕೂ ‘ಹೋ ಹೋ’ (ಹೌದು ಹೌದು) ಎನ್ನುತ್ತಾನೆ.

ಜಮೀನು ವ್ಯವಹಾರ ಬಲ್ಲ ವಕೀಲರು ಅಥವಾ ಹೀಗೆ ಹೊಲ ಕೊಟ್ಟವರು ಯಾರಾದರೂ ಇದ್ದೀರಾ? ಭಾನುವಾರ ಊರಿಗೆ ಹೊರಡುತ್ತೇನೆ. ಅದಕ್ಕೆ ಮೊದಲು ಅರ್ಧ ಗಂಟೆ ಕೊಟ್ಟರೆ ಕಾಗದ ಹಿಡಿದು ನೀವಿರುವಲ್ಲಿಗೇ ಬರುತ್ತೇನೆ.