ಸಹಾಯ ಬೇಕು: ಯೂನಿವರ್ಸಲ್ ಕ್ರೆಡಿಟ್ ಜೊತೆ ಕೌನ್ಸಿಲ್ ತೆರಿಗೆ ಲೆಕ್ಕ

ಸ್ನೇಹಿತರೇ, ಬ್ರಿಟನ್‌ನಲ್ಲಿ ಕಡಿಮೆ ಸಂಬಳದವರಿಗೆ ಭದ್ರತೆ ಕೊಡುವ ನೀತಿಗಳ ಬಗ್ಗೆ ಕನ್ನಡ ಟಿಪ್ಪಣಿ ತಯಾರಾಗುತ್ತಿದೆ. ಇಂಗ್ಲೆಂಡ್‌ನಲ್ಲಿ ತೆರಿಗೆ ಮಿತಿ ದಾಟಿದವರು ಹೆಚ್ಚುವರಿ 100 ಪೌಂಡ್ ದುಡಿದರೆ ಆದಾಯ ತೆರಿಗೆ 20, ನ್ಯಾಷನಲ್ ಇನ್ಶೂರೆನ್ಸ್ (ಸಾಮಾಜಿಕ ವಿಮೆಯ ವಂತಿಗೆ) 8 ಹೋಗಿ 72 ಉಳಿಯುತ್ತದೆ. ಯೂನಿವರ್ಸಲ್ ಕ್ರೆಡಿಟ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ನೆರವು ಧನ) ಪಡೆಯುವವರಾದರೆ, ಅದರ ಶೇ. 55ರಷ್ಟು ಆ ನೆರವಿನಲ್ಲಿ ಕಡಿತ. ಕೊನೆಗೆ ಕೈಗೆ ಹತ್ತುವುದು 32.40 ಪೌಂಡ್! ಕಡಿತವನ್ನು ಶೇ. 50ಕ್ಕೆ ಇಳಿಸಿದರೂ ಬರೀ 36. ಇದು ಖಂಡಿತ ಸಾಲದು.

ಲೆಕ್ಕ ತಪ್ಪುತ್ತಿರುವುದು ಮುಂದಿನ ಹಂತದಲ್ಲಿ. 2013ರಿಂದ ದುಡಿಯುವ ವಯಸ್ಸಿನವರ ಕೌನ್ಸಿಲ್ ತೆರಿಗೆ (ಸ್ಥಳೀಯ ಆಡಳಿತವಾದ ಕೌನ್ಸಿಲ್‌ಗೆ ಕಟ್ಟುವ ಮನೆ ತೆರಿಗೆ) ರಿಯಾಯಿತಿಯನ್ನು ಅಲ್ಲಿ ಆಯಾ ಕೌನ್ಸಿಲ್ಲೇ ನಿರ್ಧರಿಸುತ್ತದೆ. ಆದಾಯದ ಹಂತಕ್ಕೆ ತಕ್ಕಂತೆ ರಿಯಾಯಿತಿ ಕೊಡುವ ಸ್ಲ್ಯಾಬ್ ಪದ್ಧತಿ ಇರುವಲ್ಲಿ, ಝೀರೋ ಅವರ್ಸ್ (ಇಷ್ಟು ಗಂಟೆ ಕೆಲಸ ಎಂಬ ಖಾತ್ರಿಯಿಲ್ಲದ) ಕೆಲಸದವರ ಸಂಬಳ ಒಂದೇ ತಿಂಗಳು ಗಡಿ ದಾಟಿದರೂ ರಿಯಾಯಿತಿ ಇಳಿದು ತೆರಿಗೆ ಬಿಲ್ ಏರಬಹುದು.

ಅಲ್ಲಿನ ಕೌನ್ಸಿಲ್‌ನಲ್ಲೋ ಸಲಹಾ ಕೇಂದ್ರದಲ್ಲೋ ಈ ಲೆಕ್ಕ ಮಾಡಿದವರು ಯಾರಾದರೂ ಇದ್ದೀರಾ? ಸ್ಲ್ಯಾಬ್ ಗಡಿಗಳು ಎಷ್ಟೆಷ್ಟು, ಸಣ್ಣಪುಟ್ಟ ಏರಿಳಿತಕ್ಕೆ ಮರುಲೆಕ್ಕ ಮಾಡದೆ ಬಿಡುತ್ತಾರಾ, ದಯವಿಟ್ಟು ತಿಳಿಸಿ.