ಭತ್ತದ ಗದ್ದೆಯಲ್ಲಿ ಜಿಗಿಹುಳುವೂ ಇದೆ, ಜೇಡವೂ ಇದೆ. ಔಷಧಿ ಹೊಡೆಯದೆ ಬಿಟ್ಟವರು ಅನುಭವ ಹೇಳಿ

ಗಂಗಾವತಿಯಿಂದ (ಕೇಳಿದವರು)

ಎಲ್ಲರಿಗೂ ನಮಸ್ಕಾರ. 3 ಎಕರೆ ಸೋನಾ ಮಸೂರಿ, ನಾಟಿಯಾಗಿ 55 ದಿನ. ಮೊನ್ನೆ ಗದ್ದೆಗಿಳಿದು ಬುಡ ಬಿಡಿಸಿ ನೋಡಿದೆ. ಬುಡಕ್ಕೆ ಆರೇಳು ಕಂದು ಜಿಗಿಹುಳು. ಅದೇ ಬುಡದಲ್ಲಿ ಒಂದೋ ಎರಡೋ ಜೇಡ ಓಡಾಡುತ್ತಿವೆ. ಔಷಧಿ ಅಂಗಡಿಯವರು ಇವತ್ತೇ ಹೊಡೆಯಿರಿ, ಒಂದು ವಾರ ಬಿಟ್ಟರೆ ಹುಳು ರಸ ಹೀರಿ ಗದ್ದೆ ಸುಟ್ಟ ಹಾಗೆ ಒಣಗಿ ಹೋಗುತ್ತದೆ ಎನ್ನುತ್ತಾರೆ. ಪಕ್ಕದ ಗದ್ದೆಯ ಕಾಕಾ ಜೇಡ ಇರುವಾಗ ಕೈ ಹಾಕಬೇಡ ಎನ್ನುತ್ತಾರೆ. ಜೇಡ, ಗುಲಗಂಜಿ ಹುಳು ಇಂಥವನ್ನು ನಂಬಿ ಔಷಧಿ ಬಿಟ್ಟವರು ಇದ್ದೀರಾ? ಇದ್ದದ್ದು ಇದ್ದ ಹಾಗೆ ಹೇಳಿ. ಭಾನುವಾರದೊಳಗೆ ತೀರ್ಮಾನ ಮಾಡಬೇಕು.

ಮಳವಳ್ಳಿ ಗದ್ದೆ

ಅಣ್ಣಾ, ಉದ್ದವಾದರೂ ಪೂರ್ತಿ ಓದಿ. 2018ರ ಮುಂಗಾರು, 2 ಎಕರೆ 10 ಗುಂಟೆ. 30ನೇ ದಿನಕ್ಕೆ ಎಲೆ ಸುರುಳಿ ಹುಳು ಬಂತು. ಗರಿಯ ಮೇಲೆಲ್ಲಾ ಬಿಳಿ ಗೆರೆ, ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಅಂಗಡಿಯಲ್ಲಿ ಸೈಪರ್‌ಮೆತ್ರಿನ್ ಸೇರಿದ ಜೋಡಿ ಔಷಧಿ ಕೊಟ್ಟರು. ಔಷಧಿ 1,150, ಹೊಡೆದವನಿಗೆ 700, ಪಂಪ್ ಬಾಡಿಗೆ 150. ಹುಳು ಸತ್ತಿತು, ನನಗೂ ಸಮಾಧಾನ. 20 ದಿನಕ್ಕೆ ಜಿಗಿಹುಳು ಎದ್ದಿತು. ಮತ್ತೆ ಅದೇ ಜಾತಿಯ ಔಷಧಿ 1,900, ಕೂಲಿ ಬಾಡಿಗೆ ಬೇರೆ. ಹನ್ನೆರಡು ದಿನ ಬಿಟ್ಟು ನೋಡಿದರೆ ಮೊದಲಿಗಿಂತ ಜಾಸ್ತಿ. ಮೂರನೇ ಸಲ 2,600. ಎಲ್ಲ ಸೇರಿ 8,200 ರೂಪಾಯಿ. ಗದ್ದೆ ನಡುವೆ ಚಕ್ರ ಬರೆದ ಹಾಗೆ ಎರಡು ಕಡೆ ಸುಟ್ಟೇ ಹೋಯಿತು. 52 ಚೀಲ ಬರುತ್ತಿದ್ದ ಗದ್ದೆಯಲ್ಲಿ 37 ಚೀಲ ಸಿಕ್ಕಿತು.

ಯಾಕೆ ಹೀಗಾಯಿತು ಎಂದು ಆಮೇಲೆ ತಿಳಿಯಿತು. ಗರಿ ಕಾಂಡವನ್ನು ಸುತ್ತಿಕೊಂಡಿರುತ್ತದಲ್ಲ, ಜಿಗಿಹುಳು ಮೊಟ್ಟೆ ಇಡುವುದು ಆ ಸಿಪ್ಪೆಯೊಳಗೆ. ಔಷಧಿ ಅಲ್ಲಿಗೆ ಮುಟ್ಟುವುದಿಲ್ಲ. ಮೇಲೆ ಓಡಾಡುವ ಜೇಡ ಮಾತ್ರ ಸಾಯುತ್ತದೆ. ವಾರ ಹತ್ತು ದಿನಕ್ಕೆ ಮೊಟ್ಟೆ ಒಡೆದಾಗ ಮರಿಗಳನ್ನು ಹಿಡಿಯುವವರೇ ಇಲ್ಲ. ನಾನೇ ದುಡ್ಡು ಕೊಟ್ಟು ನನ್ನ ಕಾವಲುಗಾರರನ್ನು ಕೊಂದಿದ್ದೆ.

ಅಲ್ಲಿಂದ ಈಚೆಗೆ ಸೈಪರ್‌ಮೆತ್ರಿನ್, ಡೆಲ್ಟಾಮೆತ್ರಿನ್ ಎರಡನ್ನೂ ಗದ್ದೆಗೆ ಇಳಿಸಿಲ್ಲ. ರಾತ್ರಿ ಟಾರ್ಚನ್ನು ಹಣೆಯ ಹತ್ತಿರ ಹಿಡಿದು ಬದುವಿನಿಂದ ಬೆಳಕು ಬಿಡಿ. ಪೈರಿನ ನಡುವೆ ಚುಕ್ಕಿ ಚುಕ್ಕಿ ಹೊಳೆಯುತ್ತದೆ, ಅದು ಜೇಡದ ಕಣ್ಣು. ಬಲೆ ಕಟ್ಟುವ ಜಾತಿಯಲ್ಲ ಇದು, ನೀರಿನ ಮೇಲೇ ಓಡಿ ಹಿಡಿಯುತ್ತದೆ. ಹೆಣ್ಣು ಜೇಡ ಮೊಟ್ಟೆಯ ಗಂಟನ್ನು ಹಿಂದೆ ಕಟ್ಟಿಕೊಂಡು ತಿರುಗುತ್ತದೆ. ಮರಿಯಾದ ಮೇಲೆ ಅಷ್ಟನ್ನೂ ಬೆನ್ನ ಮೇಲೆ ಹೊರುತ್ತದೆ. ಒಂದು ದೊಡ್ಡ ಜೇಡ ದಿನಕ್ಕೆ 5ರಿಂದ 15 ಹುಳು ತಿನ್ನುತ್ತದೆ. ಉಳುಮೆಗೆ ಮೊದಲು ಬದುವಿನ ಮೇಲೆ ಒಣಹುಲ್ಲಿನ ಕಟ್ಟು ಇಡುತ್ತೇನೆ, ಜೇಡ ಅದರಲ್ಲಿ ಸೇರಿಕೊಂಡು ಉಳಿಯುತ್ತವೆ. ನಾಟಿಯಾದ ಮೇಲೆ ಕಟ್ಟನ್ನು ಗದ್ದೆಯೊಳಗೆ ಸರಿಸುತ್ತೇನೆ. ಖರ್ಚು ಸೊನ್ನೆ.

ಸಿಂಧನೂರು ಗುತ್ತಿಗೆ ರೈತ

ಮಳವಳ್ಳಿಯವರು ಸ್ವಂತ ಹೊಲದವರು ಅನ್ನಿಸುತ್ತದೆ. ನಾನು 2021ರಲ್ಲಿ 6 ಎಕರೆ ಗುತ್ತಿಗೆ ಮಾಡಿದ್ದೆ, ಎಕರೆಗೆ 14 ಚೀಲ. ಬೆಳೆ ಬರಲಿ ಬಿಡಲಿ 84 ಚೀಲ ಮಾಲೀಕರ ಮನೆಗೆ ಹೋಗಬೇಕು. ನಾನೂ ಒಬ್ಬರ ಮಾತು ಕೇಳಿ ಜೇಡ ನಂಬಿ ಕಾದೆ. 65ನೇ ದಿನ ಬುಡಕ್ಕೆ ಹತ್ತು ಇತ್ತು. ಮೂರು ದಿನ ಮೋಡ ಮುಚ್ಚಿತು, ಜಿನುಗು ಮಳೆ. ನಾಲ್ಕನೇ ದಿನ ನೋಡಿದರೆ ಬುಡಕ್ಕೆ ನಲವತ್ತರ ಮೇಲೆ, ಕೈ ಇಟ್ಟರೆ ಕೈ ತುಂಬಾ. ಡ್ರೋನ್‌ನವನಿಗೆ ಫೋನ್ ಮಾಡಿದರೆ ಎರಡು ದಿನ ಸರದಿ. ಅಷ್ಟರಲ್ಲಿ 1 ಎಕರೆ 30 ಗುಂಟೆ ಮಲಗಿತು. ಪೈಮೆಟ್ರೋಜಿನ್ ಔಷಧಿ ಎಕರೆಗೆ 1,300, ಡ್ರೋನ್ 500, ಆರು ಎಕರೆಗೆ 10,800. ಮಲಗಿದ ಭತ್ತ ಕೊಯ್ಯಲು ಮಷಿನ್ ಎರಡು ಗಂಟೆ ಜಾಸ್ತಿ ಹಿಡಿಯಿತು, ಅದಕ್ಕೆ 5,600. ಆ ಹುಲ್ಲನ್ನು ದನ ಮೂಸಿ ಕೂಡ ನೋಡಲಿಲ್ಲ. ಹೆಂಡತಿಯ ಬಳೆ ಆ ವರ್ಷ ಬ್ಯಾಂಕಿಗೆ ಹೋದದ್ದು ಇನ್ನೂ ಬಿಡಿಸಿಲ್ಲ.

ತಮ್ಮಾ, ಜೇಡ ಒಳ್ಳೆಯದೇ. ಆದರೆ ಸಾಲ ಕಟ್ಟುವಾಗ ಜೇಡ ಬರುವುದಿಲ್ಲ.

ಮಳವಳ್ಳಿ ಗದ್ದೆ

ಯೂರಿಯಾ ಎಷ್ಟು ಹಾಕಿದ್ದಿರಿ ಸ್ವಾಮಿ?

ಸಿಂಧನೂರು ಗುತ್ತಿಗೆ ರೈತ

ಎಕರೆಗೆ ಮೂರು ಚೀಲ. ನಮ್ಮ ಕಡೆ ಎಲ್ಲರೂ ಹಾಕುವುದೇ ಅಷ್ಟು.

ಮಳವಳ್ಳಿ ಗದ್ದೆ

ಮೂರು ಚೀಲ ಯೂರಿಯಾ ಹಾಕಿ, ಗಾಳಿ ಆಡದ ಹಾಗೆ ಒತ್ತೊತ್ತಾಗಿ ನೆಟ್ಟು, ಆಮೇಲೆ ಜೇಡದ ಮೇಲೆ ತಪ್ಪು ಹೊರಿಸಿದರೆ ಹೇಗೆ? ಹಸಿರು ಕಪ್ಪಾಗುವಷ್ಟು ಸಾರಜನಕ ಕೊಟ್ಟರೆ ಜಿಗಿಹುಳು ಹೆಚ್ಚೇ ಹೆಚ್ಚುತ್ತದೆ. ಮೂರು ಮೀಟರ್‌ಗೊಂದು ಅಡಿ ಹಾದಿ ಬಿಟ್ಟಿದ್ದಿರಾ? ನೀರು ಬಸಿದು ನೆಲ ಆರಿಸಿದ್ದಿರಾ?

ಸಿಂಧನೂರು ಗುತ್ತಿಗೆ ರೈತ

ಕಾಲುವೆ ಕೊನೆಯ ಭಾಗ ನಮ್ಮದು. ಸರದಿಯಲ್ಲಿ ನೀರು ಸಿಕ್ಕುವುದೇ ಕಷ್ಟ, ಬಸಿದುಬಿಟ್ಟರೆ ಮತ್ತೆ ಯಾವಾಗ ಬರುತ್ತದೆ ಎಂದು ನೀವು ಬಂದು ಹೇಳುತ್ತೀರಾ? ಕಾವೇರಿ ನೀರಿನಲ್ಲಿ ಕುಳಿತು ನಮಗೆ ಪಾಠ ಹೇಳಬೇಡಿ.

ತಿಕೋಟಾ ದ್ರಾಕ್ಷಿ

ಭತ್ತ ನನಗೆ ಗೊತ್ತಿಲ್ಲ. ನನ್ನದು 4 ಎಕರೆ ಥಾಮ್ಸನ್ ದ್ರಾಕ್ಷಿ. ಹಿಟ್ಟು ತಿಗಣೆಗೆ ಗುಲಗಂಜಿ ಜಾತಿಯ ಕ್ರಿಪ್ಟೋಲೀಮಸ್ ತರಿಸಿ ಬಿಟ್ಟವನು ನಾನು. ಆಸ್ಟ್ರೇಲಿಯಾದ ಹುಳು, ನಮ್ಮ ದೇಶಕ್ಕೆ 1898ರಲ್ಲೇ ಬಂದಿದೆ. ಎಕರೆಗೆ 2,000ದ ಲೆಕ್ಕದಲ್ಲಿ 8,000 ಹುಳು ಒಂದು ಖಾಸಗಿ ಲ್ಯಾಬ್‌ನಿಂದ ಬಸ್ ಪಾರ್ಸೆಲ್‌ನಲ್ಲಿ ತರಿಸಿದೆ. ಡಬ್ಬ ಬಿಚ್ಚಿದರೆ ಕಾಲು ಭಾಗ ಸತ್ತಿತ್ತು. ಫೋನ್ ಮಾಡಿದರೆ ಬಸ್‌ನವರನ್ನು ಕೇಳಿ ಎಂದರು. ಉಳಿದದ್ದನ್ನು ಸಂಜೆ ಬಿಟ್ಟೆ.

ಅದಕ್ಕಿಂತ ದೊಡ್ಡ ತಪ್ಪು ಮನೆಯಲ್ಲೇ ಆಯಿತು. ಮೂರು ವಾರಕ್ಕೆ ಕಾಂಡದ ಮೇಲೆ ಬಿಳಿ ಜೂಲು ಜೂಲಾದ ಹುಳು ಕಂಡವು. ನಾನು ಊರಲ್ಲಿರಲಿಲ್ಲ. ನನ್ನ ಅಳಿಯ ತಿಗಣೆ ಜಾಸ್ತಿಯಾಗಿದೆ ಎಂದು ಒಂದು ಎಕರೆಗೆ ಔಷಧಿ ಹೊಡೆಸಿಬಿಟ್ಟ. ಅವು ತಿಗಣೆಯಲ್ಲ, ಕ್ರಿಪ್ಟೋಲೀಮಸ್‌ನ ಮರಿಗಳು! ಮೈತುಂಬಾ ಅದೇ ಬಿಳಿ ಮೇಣ, ತಿಗಣೆಯ ಹಾಗೇ ಕಾಣುತ್ತವೆ. ಆದರೆ ತಿಗಣೆಗಿಂತ ದೊಡ್ಡವು, ಕಡ್ಡಿಯಿಂದ ಮುಟ್ಟಿದರೆ ಚುರುಕಾಗಿ ಓಡುತ್ತವೆ. ತಿಗಣೆ ಅಂಟಿಕೊಂಡೇ ಇರುತ್ತದೆ. ಮೇಣ ಸ್ವಲ್ಪ ಉಜ್ಜಿ ನೋಡಿ, ಬಾಯಿ ಬೇರೆ ಥರ. ಉಳಿದ ಮೂರು ಎಕರೆಯಲ್ಲಿ ಗೊನೆ ಕ್ಲೀನ್ ಬಂತು, ಆ ಒಂದು ಎಕರೆಯ ಹಣ್ಣನ್ನು ವ್ಯಾಪಾರಿ ಮುಟ್ಟಲಿಲ್ಲ, ಒಣದ್ರಾಕ್ಷಿ ಮಾಡಿದೆ.

ಇನ್ನೊಂದು, ಇರುವೆ ಬಿಡಬೇಡಿ. ತಿಗಣೆಯ ಸಿಹಿಗೆ ಇರುವೆ ಬಂದು ಕಾವಲು ಕೂರುತ್ತವೆ, ನಮ್ಮ ಹುಳುವನ್ನು ಓಡಿಸುತ್ತವೆ. ಚಾಟ್ನಿ (ಬಳ್ಳಿ ಕತ್ತರಿಸುವುದು) ಮಾಡಿದ ಕೂಡಲೇ ಇರುವೆ ಗೂಡು ಹುಡುಕಿ ತೆಗೆಯಿರಿ.

ಪುತ್ತೂರು ಗೇರು

ಇರುವೆ ತೆಗೆಯಿರಿ ಎಂದು ಎಲ್ಲರಿಗೂ ಹೇಳಬೇಡಿ ಮಾರಾಯರೇ. ನಮ್ಮ ಗೇರು ತೋಟದಲ್ಲಿ ಚಗಳಿ ಇರುವೆಯೇ ಯಜಮಾನ. ಗೇರು ಚಿಗುರಿಗೂ ಹೂವಿಗೂ ಟೀ ಸೊಳ್ಳೆ (ಹೆಸರಿಗೆ ಸೊಳ್ಳೆ, ರಸ ಹೀರುವ ತಿಗಣೆ ಅದು) ಬಂದರೆ ಇಡೀ ಗೊಂಚಲು ಕರಟಿ ಹೋಗುತ್ತದೆ. ಚಗಳಿ ಗೂಡು ಇರುವ ಮರದಲ್ಲಿ ಆ ಕಾಟ ನನಗೆ ಕಡಿಮೆ ಕಂಡಿದೆ. ಗೂಡು ಇಲ್ಲದ ಮರಕ್ಕೆ ಹಗ್ಗ ಕಟ್ಟಿ ಸೇತುವೆ ಮಾಡಿಕೊಟ್ಟಿದ್ದೇನೆ. ಕೆಲಸದವರು ಕಚ್ಚಿಸಿಕೊಂಡು ಬೈಯುತ್ತಾರೆ, ಒಬ್ಬರು ಕೆಲಸ ಬಿಟ್ಟೇ ಹೋದರು, ಅದೂ ನಿಜ.

ತಿಕೋಟಾ ದ್ರಾಕ್ಷಿ

ಚಗಳಿಯೂ ತಿಗಣೆ ಸಾಕುತ್ತದೆ. ನಿಮ್ಮ ತೋಟದಲ್ಲಿ ಎಲೆ ಹೊಲಿದ ಗೂಡು ಬಿಡಿಸಿ ನೋಡಿ.

ಪುತ್ತೂರು ಗೇರು

ನೋಡಿದ್ದೇನೆ, ಇರುತ್ತದೆ. ಗೇರಿಗೆ ಅದರಿಂದ ಆಗುವ ನಷ್ಟ ಟೀ ಸೊಳ್ಳೆಯ ಮುಂದೆ ಏನೂ ಅಲ್ಲ. 30 ವರ್ಷದ ತೋಟ ನನ್ನದು, ಸುಮ್ನೆ ಹೇಳುತ್ತಿಲ್ಲ.

ಅಥಣಿ ಕಬ್ಬು

ನೀವಿಬ್ಬರೂ ಇರುವೆ ಬಿಡಿ, ಆ ಹುಡುಗ ಭತ್ತ ಕೇಳಿದ್ದಾನೆ. 2002ರಲ್ಲಿ ಸಾಂಗ್ಲಿ ಕಡೆ ಕಬ್ಬಿಗೆ ಬಿಳಿ ಉಣ್ಣೆ ಹೇನು ಬಿತ್ತು. ನಮ್ಮ ಕಡೆಗೂ ಬಂತು. ಎಲೆಯ ಕೆಳಗೆಲ್ಲಾ ಹಿಂಜಿದ ಹತ್ತಿ ಮೆತ್ತಿದ ಹಾಗೆ, ಕಬ್ಬಿನೊಳಗೆ ಹೋಗಿ ಬಂದರೆ ಅಂಗಿ ಬೆಳ್ಳಗೆ. ಎಂಟು ತಿಂಗಳ ಕಬ್ಬಿಗೆ ಔಷಧಿ ಹೊಡೆಯುವುದು ಹೇಗೆ? ಒಳಗೆ ಮನುಷ್ಯ ನುಗ್ಗಲಾಗುವುದಿಲ್ಲ. ಪುಡಿ ಎರಚಿದೆವು, ಒಂದು ಎಕರೆಗೇ 900 ಖರ್ಚು ಆಗಿನ ಕಾಲಕ್ಕೆ, ಏನೂ ಆಗಲಿಲ್ಲ. ಕೊನೆಗೆ ಆ ಹೇನನ್ನು ತಿನ್ನುವ ಡೈಫಾ ಎನ್ನುವ ಹುಳು, ಮೈಕ್ರೋಮಸ್ ಎನ್ನುವ ಇನ್ನೊಂದು, ಇವು ಇರುವ ಎಲೆಗಳನ್ನೇ ಕೊಯ್ದು ಸೈಕಲ್ ಮೇಲೆ ಹೊಲದಿಂದ ಹೊಲಕ್ಕೆ ಒಯ್ದು ಕಟ್ಟಿದೆವು. ಹೇನು ಇಳಿಯಿತು. ಆ ವರ್ಷ ಹೇನು ಎಲ್ಲಕ್ಕಿಂತ ಕೊನೆಗೆ ಹೋದದ್ದು ಪುಡಿ ಎರಚಿದ ಹೊಲದಲ್ಲೇ, ಅದನ್ನು ಕಣ್ಣಾರೆ ಕಂಡಿದ್ದೇನೆ.

ಇಂಡೋನೇಷ್ಯಾದಲ್ಲಿ ಇದೇ ಜಿಗಿಹುಳು ಕಾಟಕ್ಕೆ 1986ರಲ್ಲಿ ಭತ್ತಕ್ಕೆ 57 ಔಷಧಿ ನಿಷೇಧ ಮಾಡಿದರು. ಸುಮ್ಮನೆ ಮಾಡಿದರಾ?

ಸಿಂಧನೂರು ಗುತ್ತಿಗೆ ರೈತ

ಅಲ್ಲಿ ಸರ್ಕಾರ ನಿಷೇಧ ಮಾಡಿತು, ಊರಿಗೆ ಊರೇ ನಿಲ್ಲಿಸಿತು. ಇಲ್ಲಿ ನಾನೊಬ್ಬ ನಿಲ್ಲಿಸಿದರೆ ಸುತ್ತ ಹತ್ತು ಗದ್ದೆಯವರು ಹೊಡೆಯುತ್ತಾರೆ. ಅವರ ಗದ್ದೆಯಲ್ಲಿ ಎದ್ದ ಜಿಗಿಹುಳು ಹಾರಿ ನನ್ನ ಗದ್ದೆಗೇ ಬರುತ್ತದೆ. ನನ್ನ ಸಿಟ್ಟು ಜೇಡದ ಮೇಲಲ್ಲ ಅಣ್ಣ, ಕಾಯಿರಿ ಎಂದು ಹೇಳಿ, ಹುಳು ಎಣಿಸುವುದು ಹೇಗೆ ಎಂದು ಹೇಳಿಕೊಡದೆ ಹೋದವರ ಮೇಲೆ.

ಚನ್ನಪಟ್ಟಣ ರೇಷ್ಮೆ

ಅಣ್ಣಂದಿರೇ, ಪಕ್ಕದವರ ಔಷಧಿ ಎಂದರೆ ಏನು ಎಂದು ನನ್ನನ್ನು ಕೇಳಿ. ನನ್ನ ಹಿಪ್ಪುನೇರಳೆಯ ಪಕ್ಕ ಟೊಮೆಟೊ ಇದೆ. ಹೋದ ವರ್ಷ ಅವರು ಡ್ರೋನ್‌ನಲ್ಲಿ ಹೊಡೆಸಿದರು, ಗಾಳಿ ನಮ್ಮ ಕಡೆ. ಗೊತ್ತಿಲ್ಲದೆ ಆ ಸೊಪ್ಪು ಕೊಟ್ಟೆ. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದು ಮೂರು ದಿನವಾಗಿದ್ದ 150 ಮೊಟ್ಟೆಯ (ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆ) ಹುಳು, ಸಂಜೆಗೆ ವಾಂತಿ ಮಾಡಿಕೊಂಡು ಒದ್ದಾಡಿ ಸತ್ತವು. ಚಾಕಿ ಹುಳು (ಎಳೆಯ ಮರಿ) ತಂದ ದುಡ್ಡು, ಕೂಲಿ, ಸೊಪ್ಪು ಎಲ್ಲ ಹೋಯಿತು. ನೂರು ಕೆಜಿ ಗೂಡು ಆಗುತ್ತಿತ್ತು.

ಪಪ್ಪಾಯ ಹಿಟ್ಟು ತಿಗಣೆ ನಮ್ಮ ಸೊಪ್ಪನ್ನು ಮುದುರಿಸುತ್ತಿದ್ದ ಕಾಲ ನೆನಪಿದೆಯಾ? ಔಷಧಿ ಹೊಡೆಯಲೂ ಆಗದು, ಬಿಡಲೂ ಆಗದು. 2010ರಲ್ಲಿ ಬೆಂಗಳೂರು ಹೆಬ್ಬಾಳದ ಕೃಷಿ ಕೀಟ ಸಂಶೋಧನೆಯ ಬ್ಯೂರೋದವರು ಪೋರ್ಟೊರಿಕೊದಿಂದ ಸಣ್ಣ ಕಣಜ ತರಿಸಿ ಬಿಟ್ಟರು. ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕದು. ಅದು ತಿಗಣೆಯೊಳಗೆ ಮೊಟ್ಟೆ ಇಡುತ್ತದೆ. ಒಂದೇ ವರ್ಷದಲ್ಲಿ ನಮ್ಮ ತೋಟ ತಿಳಿಯಾಯಿತು. ಔಷಧಿ ಹೊಡೆಯುತ್ತಲೇ ಇದ್ದಿದ್ದರೆ ಆ ಕಣಜ ಒಂದು ದಿನವೂ ಬದುಕುತ್ತಿರಲಿಲ್ಲ.

ಮಳವಳ್ಳಿ ಗದ್ದೆ

ಸಿಂಧನೂರಿನವರೇ, ಬಳೆಯ ಮಾತು ಓದಿ ಬೇಜಾರಾಯಿತು. ಯೂರಿಯಾ ಮಾತು ನಾನು ಬಿಡುವುದಿಲ್ಲ, ಆದರೆ ಎಣಿಕೆಯ ಮಾತು ನೀವು ಹೇಳಿದ್ದು ಸರಿ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಲೆಕ್ಕ ಹೀಗಿದೆ: ಜೇಡ ಇಲ್ಲದಿದ್ದರೆ ತೆಂಡೆಗೆ (ಬುಡದಿಂದ ಒಡೆದ ಒಂದೊಂದು ಕವಲಿಗೆ) ಒಂದು ಜಿಗಿಹುಳು ಮುಟ್ಟಿದಾಗ ಹೊಡೆಯಬೇಕು. ಬುಡಕ್ಕೊಂದು ಜೇಡ ಇದ್ದರೆ ತೆಂಡೆಗೆ ಎರಡರವರೆಗೆ ತಡೆಯಬಹುದು. ಒಂದು ಬುಡದಲ್ಲಿ 15 ತೆಂಡೆ ಇದ್ದರೆ ನೀವೇ ಲೆಕ್ಕ ಹಾಕಿ. ಎಣಿಸುವಾಗ ಸಣ್ಣ ಹಸಿರು ತಿಗಣೆ ಕಂಡರೆ ಜಿಗಿಹುಳು ಎಂದು ಸೇರಿಸಬೇಡಿ. ಮಿರಿಡ್ ತಿಗಣೆ ಅದು, ಸಿಪ್ಪೆಯೊಳಗಿನ ಮೊಟ್ಟೆಯನ್ನೇ ಹುಡುಕಿ ಹೀರುತ್ತದೆ, ದಿನಕ್ಕೆ ಏಳರಿಂದ ಹತ್ತು.

ಸಿಂಧನೂರು ಗುತ್ತಿಗೆ ರೈತ

ಎರಡು ದಿನಕ್ಕೊಮ್ಮೆ ಎಣಿಸಬೇಕು, ವಾರಕ್ಕೊಮ್ಮೆ ಅಲ್ಲ. ಮೋಡ ಮುಚ್ಚಿದರೆ ದಿನಾ. ನಾನು ಸೋತದ್ದು ಆ ಮೂರು ದಿನದಲ್ಲಿ.

ಗಂಗಾವತಿಯಿಂದ (ಕೇಳಿದವರು)

ಎಲ್ಲರದ್ದೂ ಓದಿದೆ. ಇವತ್ತು ಬೆಳಗ್ಗೆ ಅಡ್ಡಡ್ಡ ನಡೆದು 20 ಬುಡ ಎಣಿಸಿದೆ. ಜಿಗಿಹುಳು ಒಟ್ಟು 148, ಜೇಡ 23. ಹಸಿರು ತಿಗಣೆಯೂ ಇದೆ, ಅದನ್ನು ಮೊದಲ ದಿನ ಜಿಗಿಹುಳು ಎಂದೇ ಸೇರಿಸಿದ್ದೆ. ಬುಡಕ್ಕೆ ಸರಾಸರಿ 14 ತೆಂಡೆ. ಔಷಧಿ ತಂದು ಮನೆಯಲ್ಲಿ ಇಟ್ಟಿದ್ದೇನೆ, ಬಿಚ್ಚಿಲ್ಲ. ನೀರು ನಿನ್ನೆ ಬಸಿದೆ. ಫೋಟೋ ಹಾಕಲಾ?

ಸಿಂಧನೂರು ಗುತ್ತಿಗೆ ರೈತ

ಹಾಕು ತಮ್ಮಾ. ಎಲೆಯದ್ದು ಬೇಡ, ಬುಡದ್ದು. ನೀರಿನ ಮಟ್ಟಕ್ಕೆ ಕ್ಯಾಮೆರಾ ಇಳಿಸಿ ತೆಗೆ.